ಒಂದು ರಸ್ತೆ, ಮೂರು ಗ್ರಂಥಾಲಯ



ಮಂಗಳೂರಿನಿಂದ ಮೂಡುಬಿದಿರೆಗೆ ಬರುವ ಹೆದ್ದಾರಿಯಲ್ಲಿ ಎಡಪದವು ದಾಟಿದ ಮೇಲೆ ಕೆಲವೇ ಕಿಲೋಮೀಟರುಗಳ ಒಳಗೆ ಮೂರು ಎಂಜಿನಿಯರಿಂಗ್ ಕಾಲೇಜುಗಳು ಸಿಗುತ್ತವೆ. ಬಡಗಮಿಜಾರಿನಲ್ಲಿ ಮೈಟ್, ಮಿಜಾರಿನ ಶೋಭಾವನದಲ್ಲಿ ಆಳ್ವಾಸ್‌, ಇಲ್ಲಿ ತೋಡಾರಿನಲ್ಲಿ ಯೆನೆಪೋಯ. ಮೂರೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಮೂರಕ್ಕೂ ಒಂದೊಂದು ಗ್ರಂಥಾಲಯ ಇದೆ. ಮೂರರಲ್ಲೂ ಗ್ರೇವಾಲರ ಎಂಜಿನಿಯರಿಂಗ್ ಗಣಿತದ ದಪ್ಪ ಪುಸ್ತಕ ಸಾಲುಸಾಲಾಗಿ ನಿಂತಿರುತ್ತದೆ ಎಂದು ನಾನು ಬಾಗಿಲು ತೆರೆಯದೆಯೇ ಹೇಳಬಲ್ಲೆ. ನಿಂತಿರಲೂಬೇಕು ಬಿಡಿ. ಇಂದು ನಾನು ಕೇಳಬೇಕೆಂದಿರುವುದು ಬೇರೆ: ಈ ಮೂರರ ಪೈಕಿ ಒಂದರಲ್ಲಿ ಮಾತ್ರ ಇರುವ ಪುಸ್ತಕ ಉಳಿದೆರಡರ ವಿದ್ಯಾರ್ಥಿಯ ಕೈಗೆ ಎಷ್ಟು ದಿನದಲ್ಲಿ ಸೇರಬೇಕು?

ಈ ದತ್ತಿ ಉಪನ್ಯಾಸಕ್ಕೆ ನನಗೆ ಕೊಟ್ಟ ವಿಷಯ ‘ವಿಶ್ವವಿದ್ಯಾಲಯ ಗ್ರಂಥಾಲಯದ ಆಡಳಿತ, ಸೇವೆ ಮತ್ತು ಸಹಭಾಗಿತ್ವ’. ಹೇಳಿಕೊಳ್ಳಲು ದೊಡ್ಡ ಮಾತು. ಆದರೆ ತೋಡಾರಿನ ವಿದ್ಯಾರ್ಥಿನಿಗೆ ತನ್ನ ವಿಶ್ವವಿದ್ಯಾಲಯದ ಗ್ರಂಥಾಲಯ ಇರುವುದೆಲ್ಲಿ? ಬೆಳಗಾವಿಯಲ್ಲಿ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಮುಟ್ಟಬಹುದು. ಇಲ್ಲೇ ಪೇಟೆಯಲ್ಲಿ ಬಿ.ಎ. ಓದುವ ಹುಡುಗನಿಗೆ? ಕೊಣಾಜೆಯಲ್ಲಿ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾದ ಮಂಗಳಗಂಗೋತ್ರಿಯಲ್ಲಿ. ಅದೂ ಮಂಗಳೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವ ದಾರಿ. ನಮ್ಮ ಕಡೆಯ ಬಹುಪಾಲು ವಿದ್ಯಾರ್ಥಿಗಳು ಪದವಿ ಮುಗಿಸುವ ತನಕ ತಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲು ತುಳಿಯುವುದೇ ಇಲ್ಲ. ಹೀಗಿರುವಾಗ ನಮ್ಮ ಪಾಲಿಗೆ ವಿಶ್ವವಿದ್ಯಾಲಯ ಗ್ರಂಥಾಲಯ ಎಂದರೆ ಈ ರಸ್ತೆಯ ಕಾಲೇಜು ಗ್ರಂಥಾಲಯಗಳೆಲ್ಲ ಸೇರಿ ಏನಾಗುತ್ತದೋ ಅದು. ಅವು ಸೇರುತ್ತವೆಯೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಒಂದೆಡೆ ಇರುವ ಪುಸ್ತಕ ಇನ್ನೊಂದೆಡೆಗೆ ಸೇರುವ ಕಥೆ ನಮ್ಮ ಊರಿಗೆ ಹೊಸತೇನಲ್ಲ. ಮೂಡುಬಿದಿರೆಯ ಗುರುಬಸದಿಯನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರಲ್ಲ, ಆ ಹೆಸರು ಬಂದದ್ದು ಅಲ್ಲಿದ್ದ ಪುಸ್ತಕಗಳಿಂದ. ಜೈನ ಸಿದ್ಧಾಂತಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಅವರು ತೊಡಗಿ ಶಿಷ್ಯ ಜಿನಸೇನರು ಮುಗಿಸಿದ ಜಯಧವಲಾ, ಮಹಾಧವಲಾ ಎಂದು ಹೆಸರಾದ ಮಹಾಬಂಧ. ಒಂಬತ್ತನೆಯ ಶತಮಾನದ ಆ ಎರಡು ಟೀಕೆಗಳೂ ಮಹಾಬಂಧವೂ ಇಡೀ ದೇಶದಲ್ಲಿ ಉಳಿದದ್ದು ಇಲ್ಲಿನ ತಾಳೆಗರಿಗಳಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಯಾತ್ರಿಕರು ಬಂದರು, ಕಟ್ಟು ಬಿಚ್ಚಿ ತೋರಿಸಿದ್ದಕ್ಕೆ ಕೈಮುಗಿದು ಹೋದರು. ಓದಿದವರಿಲ್ಲ. ಸೊಲ್ಲಾಪುರದ ಹೀರಾಚಂದ ನೇಮಚಂದ, ಮುಂಬಯಿಯ ಮಾಣಿಕಚಂದ ಮೊದಲಾದ ಶ್ರೇಷ್ಠಿಗಳು ಹಣ ಕೂಡಿಸಿ 1896ರ ಸುಮಾರಿಗೆ ಪ್ರತಿ ಮಾಡಿಸುವ ಕೆಲಸ ಹಚ್ಚಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ, ಮಿರಜಿನ ಗಜಪತಿ ಉಪಾಧ್ಯಾಯ ಬರೆಯಲು ಕುಳಿತರು. ಮುಗಿಯುವ ಹೊತ್ತಿಗೆ 1922. ಪ್ರತಿ ಮಾಡಿದ್ದು ಮಾತ್ರ ಊರು ಬಿಟ್ಟು ಹೋಗುವಂತಿರಲಿಲ್ಲ.

ಹೋಯಿತು. ಗಜಪತಿ ಉಪಾಧ್ಯಾಯರು ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಟ್ಟುಕೊಂಡಿದ್ದರು. ಅದು ಸಹಾರನಪುರ ಸೇರಿತು. ಅಲ್ಲಿ ನಾಗರಿ ಲಿಪಿಗೆ ಇಳಿಸಲು ಕುಳಿತ ಸೀತಾರಾಮ ಶಾಸ್ತ್ರಿಗಳು ತಮ್ಮದೂ ಒಂದು ಪ್ರತಿ ಇಟ್ಟುಕೊಂಡರು. ಅದರಿಂದ ಊರೂರಿಗೆ ಪ್ರತಿಗಳು ಹರಡಿದವು. ಅಮರಾವತಿಯಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಹೀರಾಲಾಲ್ ಜೈನ್ ಆ ಪ್ರತಿಗಳನ್ನಿಟ್ಟುಕೊಂಡು 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚು ಹಾಕಿಸಿದರು. 16 ಸಂಪುಟಗಳು ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ವಿದಿಶೆಯ ಒಬ್ಬ ಶ್ರೀಮಂತರು ಇಟ್ಟ ಸಾಹಿತ್ಯೋದ್ಧಾರಕ ನಿಧಿಯ ಹಣ ಅದಕ್ಕಿತ್ತು. ದತ್ತಿ ಎಂದರೆ ಇಂಥದ್ದೂ ಆಗಬಹುದು ಎಂದು ಈ ವೇದಿಕೆಯಿಂದ ನೆನಪಿಸಿದರೆ ಯಾರೂ ತಪ್ಪು ತಿಳಿಯಬಾರದು.

ಈ ಕಥೆಯನ್ನು ಬೀಗ ಹಾಕಿದವರನ್ನು ಹಂಗಿಸಲು ಹೇಳುವುದುಂಟು. ನನಗೆ ಅದು ಸರಿ ಕಾಣುವುದಿಲ್ಲ. ಮಳೆಗಾಲ ನಾಲ್ಕು ತಿಂಗಳು ಗೋಡೆ ಬೆವರುವ, ಗೆದ್ದಲು ತೊಲೆಯನ್ನೇ ತಿಂದು ಹಾಕುವ ನಾಡಿದು. ಇಲ್ಲಿ ಗರಿಯೊಂದು ಎಂಟು ಶತಮಾನ ಉಳಿಯಬೇಕಾದರೆ ಯಾರೋ ತಲೆತಲಾಂತರ ಕಾದಿರಬೇಕು, ವರ್ಷವರ್ಷವೂ ಎಣ್ಣೆ ಸವರಿ ನೆರಳಲ್ಲಿ ಆರಿಸಿರಬೇಕು. ಆದರೆ ಕಾದದ್ದು ಲೋಕಕ್ಕೆ ದಕ್ಕಿದ್ದು ನಿಯಮ ಮುರಿದವರಿಂದ. ಕಾಯುವವನೇ ಕೊಡುವ ದಾರಿಯನ್ನೂ ಮಾಡಿಟ್ಟಿದ್ದರೆ ಉಪಾಧ್ಯಾಯ ದಂಪತಿ ಕದ್ದು ಬರೆಯಬೇಕಿರಲಿಲ್ಲ. ಆಮೇಲೆ ಮೂಡುಬಿದಿರೆಯವರೇ ಮನಸ್ಸು ಮಾಡಿದರೆನ್ನಿ. ಅಚ್ಚಾದ ಸಂಪುಟಗಳು ಬಂದ ಬಳಿಕ ಮೂಲ ಗರಿಗಳೊಡನೆ ಹೋಲಿಸಿ ಪಾಠಾಂತರ ಒದಗಿಸಿದರು. ಕೊಟ್ಟದ್ದರಿಂದ ಬಸದಿಗೆ ಬರುವ ಯಾತ್ರಿಕರೇನೂ ಕಡಿಮೆಯಾಗಲಿಲ್ಲ. ಪೇಟೆಯ ಒಂದು ಕಾಲೇಜಿಗೆ ಧವಲಾ ಎಂಬ ಹೆಸರೂ ಬಂತು.

ಇನ್ನೊಂದು ಸಂಗತಿ ಇದಕ್ಕಿಂತ ನನಗೆ ಮುಖ್ಯ. 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಎಂಬ ಪುಸ್ತಕ ಹೊರತಂದಿತು. ಮಾಡಿದವರು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು. ದೂರದ ಬಿಹಾರದ ಆರಾ ಊರಿನ ಜೈನ ಸಿದ್ಧಾಂತ ಭವನದಲ್ಲಿ ವರ್ಷಗಟ್ಟಲೆ ಗ್ರಂಥಾಲಯ ನೋಡಿಕೊಂಡವರು. ಮೂಡುಬಿದಿರೆಯ ಜೈನಮಠ, ಸಿದ್ಧಾಂತ ಬಸದಿ, ಜೈನ ಭವನ, ಕಾರ್ಕಳದ ಮಠ, ಅಳಿಯೂರಿನ ಭಂಡಾರ ಹೀಗೆ ಬೇರೆ ಬೇರೆ ಕಡೆಯ ಗರಿಕಟ್ಟುಗಳನ್ನು ಒಂದೇ ಪುಸ್ತಕದಲ್ಲಿ ಪಟ್ಟಿ ಮಾಡಿದರು. ಯಾವ ಭಂಡಾರವೂ ತನ್ನ ಒಂದು ಗರಿಯನ್ನೂ ಬಿಟ್ಟುಕೊಡಲಿಲ್ಲ. ಆದರೂ ಯಾವುದು ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಗ್ರಂಥಾಲಯದವರು ಯೂನಿಯನ್ ಕ್ಯಾಟಲಾಗ್ ಎಂದು ಕರೆಯುವುದು ಇದನ್ನೇ. ಕಂಪ್ಯೂಟರಿಲ್ಲದ ಕಾಲದಲ್ಲಿ, ಬಸ್ಸೂ ಸರಿಯಾಗಿ ಇಲ್ಲದ ಕಾಲದಲ್ಲಿ, ಈ ಸೀಮೆಯಲ್ಲಿ ಅದು ಆಗಿಹೋಗಿತ್ತು. ಇಂದು ತೋಡಾರು, ಮಿಜಾರು, ಬಡಗಮಿಜಾರು, ಮೂಡುಬಿದಿರೆಯ ಮಹಾವೀರ, ಧವಲಾ, ಆಳ್ವಾಸ್‌ ಕಾಲೇಜುಗಳು, ಇಷ್ಟರ ಪುಸ್ತಕಗಳನ್ನು ಒಂದೇ ಕಿಟಕಿಯಲ್ಲಿ ಹುಡುಕಲು ನಮಗಿರುವ ಅಡ್ಡಿ ತಂತ್ರಜ್ಞಾನದ್ದಲ್ಲ ಎನ್ನುವುದಕ್ಕೆ ಇಷ್ಟು ಪೀಠಿಕೆ.

ಹಾಗಾದರೆ ಅಡ್ಡಿ ಯಾವುದು? ಹೆದರಿಕೆ. ಇದನ್ನು ಗ್ರಂಥಪಾಲಕರ ಪರವಾಗಿಯೇ ಹೇಳುತ್ತಿದ್ದೇನೆ. ಜಿಲ್ಲೆಯ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಗಾಜಿನ ಬಾಗಿಲಿನ ಕಬ್ಬಿಣದ ಕಪಾಟೊಂದನ್ನು ನೋಡಿದೆ. ಒಳಗೆ ಒಳ್ಳೊಳ್ಳೆಯ ಕೋಶಗಳು. ಬೀಗಕ್ಕೆ ಬಟ್ಟೆ ಸುತ್ತಿ, ಮೇಲೆ ಅರಗು ಹಾಕಿತ್ತು. ಯಾಕೆ ಸರ್ ಎಂದೆ. ಹಿಂದಿನವರು ನಿವೃತ್ತರಾಗುವಾಗ ಚಾರ್ಜ್ ಕೊಟ್ಟಿಲ್ಲ, ಸ್ಟಾಕ್ ವೆರಿಫಿಕೇಶನ್ ಆಗದೆ ನಾನು ತೆರೆದರೆ ಕೊರತೆ ಬಿದ್ದದ್ದೆಲ್ಲ ನನ್ನ ತಲೆಗೆ ಎಂದರು. ಅವರ ಹೆದರಿಕೆ ಸುಳ್ಳಲ್ಲ. ಅಕ್ಸೆಶನ್ ರಿಜಿಸ್ಟರಿನಲ್ಲಿರುವ ಪ್ರತಿ ಪುಸ್ತಕಕ್ಕೂ ಗ್ರಂಥಪಾಲಕನೇ ಜವಾಬು, ಕಳೆದರೆ ಪಿಂಚಣಿಯಿಂದ ಹಿಡಿಯುತ್ತಾರೆ ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಎಷ್ಟು ಆಳಕ್ಕಿಳಿದಿದೆ ಎಂದರೆ, ಓದುಗ ಒಳಗೆ ಬಂದಾಗ ಅವನ ಮುಖಕ್ಕಿಂತ ಮೊದಲು ಬ್ಯಾಗು ಕಾಣುತ್ತದೆ.

ನಿಯಮ ಹೇಳುವುದೇ ಬೇರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯದ ಬಗ್ಗೆ. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಸಾವಿರ ಪುಸ್ತಕಗಳಿಗೆ ಐದು ಕಳೆದರೆ, ಅದು ಅಪ್ರಾಮಾಣಿಕತೆ ಅಥವಾ ಅಲಕ್ಷ್ಯದಿಂದ ಆಗಿಲ್ಲದಿದ್ದರೆ, ಸಹಜ ನಷ್ಟ ಎಂದು ಎಣಿಸಬಹುದು. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯದು, ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. 20,000 ಪುಸ್ತಕಗಳವರೆಗಿನ ಗ್ರಂಥಾಲಯದಲ್ಲಿ ವರ್ಷಕ್ಕೊಮ್ಮೆ ಪೂರ್ತಿ ಎಣಿಕೆ, 50,000ದವರೆಗೆ ಮೂರು ವರ್ಷಕ್ಕೊಮ್ಮೆ, ಅದಕ್ಕೂ ಮೇಲ್ಪಟ್ಟರೆ ಮಾದರಿ ಎಣಿಕೆ ಸಾಕು. ಗಮನಿಸಿ: ರಿಯಾಯಿತಿಯ ಲೆಕ್ಕ ಕಟ್ಟಿರುವುದು ಕಪಾಟಿನಲ್ಲಿರುವ ಪುಸ್ತಕದ ಮೇಲಲ್ಲ, ಓಡಾಡಿದ ಪುಸ್ತಕದ ಮೇಲೆ. ಹೆಚ್ಚು ಕೊಟ್ಟವನಿಗೆ ಹೆಚ್ಚು ಮಾಫಿ. ಹಣಕಾಸು ಇಲಾಖೆಯ ಕಡತದೊಳಗೆ ಇಷ್ಟು ಓದುಗಪ್ರೀತಿ ಅಡಗಿದೆ ಎಂದರೆ ಯಾರು ನಂಬುತ್ತಾರೆ! ಖಾಸಗಿ ಕಾಲೇಜಿಗೆ ಈ ನಿಯಮ ಕಟ್ಟುವುದಿಲ್ಲ, ಸರಿ. ಆದರೆ ಆಡಳಿತ ಮಂಡಳಿ ಇದೇ ಮಾತನ್ನು ತನ್ನ ಒಂದು ಠರಾವಿನಲ್ಲಿ ಬರೆದು ಗ್ರಂಥಪಾಲಕರ ಕೈಗೆ ಕೊಡುವುದನ್ನು ಯಾರೂ ತಡೆಯುವುದಿಲ್ಲ. ಆಡಳಿತ ಸುಧಾರಣೆ ಎಂದು ನಾನು ಕೇಳುವುದು ಅಷ್ಟನ್ನೇ, ಒಂದು ಹಾಳೆ. ಅದು ಬರುವ ತನಕ ಎಷ್ಟು ಸಾಫ್ಟ್‌ವೇರ್ ತಂದರೂ ಅರಗು ಕರಗುವುದಿಲ್ಲ.

ಗ್ರಂಥಾಲಯ ಶಾಸ್ತ್ರ ಓದಿದವರಿಗೆ ಇಲ್ಲಿ ರಂಗನಾಥನ್ ನೆನಪಾಗಿರುತ್ತಾರೆ. ಶಿಯಾಳಿ ರಾಮಾಮೃತ ರಂಗನಾಥನ್ 1917ರಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, ಗಣಿತ ಕಲಿಸಲು. ಹಂಪನಕಟ್ಟೆಯ ಆ ಕಾಲೇಜೇ ಈಗಿನ ವಿಶ್ವವಿದ್ಯಾಲಯ ಕಾಲೇಜು. 1924ರ ಜನವರಿಯಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಬೇಸರ ಹತ್ತಿ, ನನ್ನನ್ನು ಪಾಠಕ್ಕೇ ಕಳುಹಿಸಿ ಎಂದು ಗೋಗರೆದರು. ಲಂಡನ್ನಿಗೆ ಹೋಗಿ ಒಂದಿಷ್ಟು ಕಲಿತು ಬಾ, ಆಮೇಲೂ ಬೇಸರವಾದರೆ ನೋಡೋಣ ಎಂದರು ವಿಶ್ವವಿದ್ಯಾಲಯದವರು. ಅಲ್ಲಿನ ಗ್ರಂಥಾಲಯಗಳನ್ನು ಕಣ್ಣಾರೆ ಕಂಡು ಬಂದ ಮೇಲೆ ಅವರು ಹಿಂತಿರುಗಿ ನೋಡಲಿಲ್ಲ. ತೆರೆದಿರುವ ಹೊತ್ತನ್ನು ಹಿಗ್ಗಿಸಿದರು, ಓದುಗ ನೇರ ಕಪಾಟಿಗೇ ಹೋಗುವಂತೆ ಮಾಡಿದರು. 1931ರಲ್ಲಿ ಅವರ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳು ಬಂದವು. ಅದರಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎನ್ನುವುದು. ಸೂತ್ರ ಎಷ್ಟೋ ಗ್ರಂಥಾಲಯಗಳ ಗೋಡೆಯ ಮೇಲೆ ಫ್ರೇಮು ಹಾಕಿಸಿಕೊಂಡು ಕೂತಿದೆ.

ಅದರ ಕೆಳಗೆ ನಿಂತು ನಮ್ಮ ಓದುಗನ ಸಮಯ ನೋಡೋಣ. ಈ ರಸ್ತೆಯ ಕಾಲೇಜುಗಳಲ್ಲಿ ಹಾಸ್ಟೆಲಿನವರು ಬಿಟ್ಟರೆ ಉಳಿದವರು ವೇಣೂರು, ಬೆಳ್ತಂಗಡಿ, ಸಿದ್ಧಕಟ್ಟೆ, ಬಂಟ್ವಾಳ, ಕೈಕಂಬದ ಕಡೆಯಿಂದ ಬಸ್ಸಿನಲ್ಲಿ ಬರುವವರು. ಪಾಠ ಮುಗಿಯುವುದಕ್ಕೂ ಬಸ್ಸು ಹೊರಡುವುದಕ್ಕೂ ನಡುವೆ ಸಿಗುವುದು ಚಹಾ ಕುಡಿಯುವಷ್ಟು ಹೊತ್ತು. ರಾತ್ರಿ ಎಂಟರವರೆಗೆ ಗ್ರಂಥಾಲಯ ತೆರೆದಿದೆ ಎಂಬ ಫಲಕ ಅವರ ಪಾಲಿಗೆ ಇದ್ದೂ ಇಲ್ಲದ್ದು. ಬೇಕಾದ ಪುಸ್ತಕವನ್ನು ಬೆಳಗ್ಗೆ ಮೊಬೈಲಿನಲ್ಲಿ ಕಾದಿರಿಸಿ, ಸಂಜೆ ಕೌಂಟರಿನಲ್ಲಿ ಹೆಸರು ಹೇಳಿ ಎತ್ತಿಕೊಂಡು ಬಸ್ಸು ಹತ್ತುವಂತಾಗಬೇಕು. ಗ್ರಂಥಾಲಯಗಳು ಬಳಸುವ ಕೋಹಾ ತಂತ್ರಾಂಶದಲ್ಲಿ ಈ ಸೌಲಭ್ಯ ಮೊದಲಿನಿಂದ ಇದೆ, ದುಡ್ಡೂ ಕೊಡಬೇಕಿಲ್ಲ. ಬೇಕಾಗಿರುವುದು ಮಧ್ಯಾಹ್ನ ಆ ಪಟ್ಟಿ ಹಿಡಿದು ಕಪಾಟಿನ ಸಾಲಿನಲ್ಲಿ ಅರ್ಧ ಗಂಟೆ ಓಡಾಡುವ ಒಬ್ಬ ಸಹಾಯಕ.

ಕನ್ನಡದ ಓದುಗನದು ಇನ್ನೂ ಬೇರೆ ಗೋಳು. ಗ್ರಂಥಾಲಯದ ಆನ್‌ಲೈನ್ ಪಟ್ಟಿಯಾದ ಓಪ್ಯಾಕ್ ತೆರೆದು ಕನ್ನಡದಲ್ಲಿ ‘ಶಿವರಾಮ ಕಾರಂತ’ ಎಂದು ಹೊಡೆಯಿರಿ. ಬಹಳ ಕಡೆ ಶೂನ್ಯ ಬರುತ್ತದೆ. ಪುಸ್ತಕ ಇಲ್ಲವೆಂದಲ್ಲ, ಹಿಂದೆ ನಮೂದಿಸಿದವರು ರೋಮನ್ ಅಕ್ಷರದಲ್ಲಿ ನಮೂದಿಸಿದ್ದಾರೆ. ಒಬ್ಬರು ಕೊನೆಗೆ ‘ಎಚ್’ ಸೇರಿಸಿದ್ದಾರೆ, ಒಬ್ಬರು ಬಿಟ್ಟಿದ್ದಾರೆ, ಮತ್ತೊಬ್ಬರು ಕೋಟವನ್ನು ಮುಂದಿಟ್ಟು ‘ಕೆ.ಎಸ್.’ ಮಾಡಿದ್ದಾರೆ. ಹೀಗೆ ಒಬ್ಬ ಕಾರಂತರು ನಾಲ್ವರಾಗಿ ನಾಲ್ಕು ಕಡೆ ಕೂತಿರುತ್ತಾರೆ, ಬಾಲವನದ ಅಜ್ಜನಿಗೆ ಇದು ತಿಳಿದಿದ್ದರೆ ಒಂದು ಖಾರವಾದ ಪತ್ರ ಖಂಡಿತ ಬರುತ್ತಿತ್ತು. ಸಂಶೋಧನ ಪ್ರಬಂಧಗಳದ್ದೂ ಇದೇ ಪಾಡು. 2009ರ ಯುಜಿಸಿ ನಿಯಮ ಬಂದಂದಿನಿಂದ ಪಿಎಚ್.ಡಿ. ಪ್ರಬಂಧಗಳು ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಎಂಬ ಜಾಲಭಂಡಾರಕ್ಕೆ ಏರುತ್ತವೆ, ತುಂಬ ಒಳ್ಳೆಯದು. ಆದರೆ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಕನ್ನಡ ಪ್ರಬಂಧದ ಒಳಗೆ ‘ಭೂತಾರಾಧನೆ’ ಎಂದು ಹುಡುಕಿದರೆ ಏನೂ ಸಿಗದು. ಕಣ್ಣಿಗೆ ಕನ್ನಡವಾದದ್ದು ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರರಾಶಿ. ಯೂನಿಕೋಡಿಗೆ ಪರಿವರ್ತಿಸುವ ಸಲಕರಣೆಗಳು ಬಿಟ್ಟಿ ಸಿಗುತ್ತವೆ. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರಿನ ಕಿರುಯೋಜನೆಯಾಗಿ ಈ ಪರಿವರ್ತನೆಯನ್ನೂ ಓಪ್ಯಾಕಿನ ಹೆಸರುಗಳನ್ನು ಒಂದಾಗಿಸುವುದನ್ನೂ ಕೊಡಬಹುದು. ಅಂಕಕ್ಕೋಸ್ಕರವಾದರೂ ಕಾರಂತರು ಒಬ್ಬರಾಗಲಿ.

ಈಗ ಸಂಶೋಧನ ಪತ್ರಿಕೆಗಳ ಮಾತು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ನಿಯತಕಾಲಿಕೆಗಳು, 6,300ಕ್ಕೂ ಹೆಚ್ಚು ಸಂಸ್ಥೆಗಳು. ಹಿಂದೆ ಬೇರೆ ಬೇರೆ ಒಕ್ಕೂಟಗಳೂ ಬಿಡಿ ವಿಶ್ವವಿದ್ಯಾಲಯಗಳೂ ತಮ್ಮತಮ್ಮಷ್ಟಕ್ಕೆ ಪ್ರಕಾಶಕರ ಮುಂದೆ ಚೌಕಾಸಿ ಮಾಡುತ್ತಿದ್ದವು. ಈಗ ದೇಶವೇ ಒಂದು ಗಿರಾಕಿ. ಆದರೆ ಬಾಗಿಲು ತೆರೆದದ್ದು ಸರ್ಕಾರದ ಆಡಳಿತದಲ್ಲಿರುವ ಸಂಸ್ಥೆಗಳಿಗೆ. ಕೊಣಾಜೆಯ ಸಂಶೋಧಕ ಒಳಗೆ, ಇದೇ ಜಿಲ್ಲೆಯ ತೋಡಾರಿನ ಸಂಶೋಧಕ ಹೊರಗೆ. ನಮ್ಮ ಜಿಲ್ಲೆಯಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಎಂದರೆ ಬಹುತೇಕ ಖಾಸಗಿಯೇ ಆದ್ದರಿಂದ ಈ ಗೆರೆ ಬೇರೆ ಜಿಲ್ಲೆಗಳಿಗಿಂತ ಇಲ್ಲಿ ಹೆಚ್ಚು ಜನರನ್ನು ಆಚೆ ನಿಲ್ಲಿಸುತ್ತದೆ. ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಬೇರೆಯೇ ಒಂದು ಇ-ಸಂಪನ್ಮೂಲ ಒಕ್ಕೂಟ ನಡೆಸುತ್ತದೆ, ಪದವಿ ಕಾಲೇಜುಗಳಿಗೆ ಎನ್-ಲಿಸ್ಟ್ ಎಂಬ ಇ-ಸಂಪನ್ಮೂಲ ಯೋಜನೆ ಇದೆ, ದೆಹಲಿಯ ಡೆಲ್‌ನೆಟ್ 1988ರಿಂದ ಪುಸ್ತಕ ಹಂಚಿಕೆಯ ಕೆಲಸ ಮಾಡುತ್ತಿದೆ. ಇವೆಲ್ಲ ದೊಡ್ಡ ಕಾಲುವೆಗಳು. ಗದ್ದೆಗೆ ನೀರು ಬರಲು ಸಣ್ಣ ತೋಡು ನಾವೇ ತೋಡಿಕೊಳ್ಳಬೇಕು. ಪ್ರಕಾಶಕರ ಲೈಸೆನ್ಸುಗಳಲ್ಲಿ, ಗ್ರಂಥಾಲಯಕ್ಕೆ ಬಂದ ಹೊರಗಿನ ಓದುಗ ಅಲ್ಲೇ ಕೂತು ಓದಬಹುದು ಎಂಬ ಅವಕಾಶ ಇರುವುದು ವಾಡಿಕೆ. ಮಂಗಳೂರು ವಿಶ್ವವಿದ್ಯಾಲಯ ಜಿಲ್ಲೆಯ ಸಂಶೋಧಕರಿಗೆಲ್ಲ ಒಂದು ವಾರ್ಷಿಕ ಓದುಚೀಟಿ ಕೊಟ್ಟು ನಾಲ್ಕು ಕುರ್ಚಿ ಮೀಸಲಿಟ್ಟರೆ ಅದು ಬಿಡಿಗಾಸಿನ ಖರ್ಚಿಲ್ಲದ ಸಹಭಾಗಿತ್ವ.

ಕೊಡುಕೊಳೆ ಕಾಲೇಜುಗಳ ನಡುವೆ ಮಾತ್ರ ಇರಬೇಕೆಂದೇನೂ ಇಲ್ಲ. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕಗಳು ಉಡುಪಿಯ ಎಂಜಿಎಂ ಕಾಲೇಜು ಸೇರಿ, ಅಲ್ಲಿ ಅವರ ಹೆಸರಿನಲ್ಲಿ ನಡೆಯುವ ಸಂಶೋಧನ ಕೇಂದ್ರದಿಂದಲೇ ಆರು ಸಂಪುಟಗಳ ತುಳು ನಿಘಂಟು ಹೊರಬಂತು. ಬಿ.ಸಿ. ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವನ್ನು ಪ್ರೊ. ತುಕಾರಾಮ ಪೂಜಾರಿಯವರು ಸ್ವಂತ ಹಠದಿಂದ ಕಟ್ಟಿದ್ದಾರೆ, ವಸ್ತುಸಂಗ್ರಹಾಲಯದ ಜೊತೆಗೆ ಪುಸ್ತಕ ಭಂಡಾರವೂ ಇದೆ. ಧರ್ಮಸ್ಥಳದಲ್ಲಿ ಹಸ್ತಪ್ರತಿಗಳಿವೆ, ಮೂಡುಬಿದಿರೆಯ ಮಠದ ರಮಾರಾಣಿ ಶೋಧ ಸಂಸ್ಥಾನದಲ್ಲಿವೆ. ಈ ಕಡೆಯ ಇತಿಹಾಸ ಬರೆಯುವವನಿಗೆ ಬೇಕಾದದ್ದರ ಮುಕ್ಕಾಲು ಪಾಲು ಇರುವುದು ಇಂಥ ಕಡೆ. ವಿಶ್ವವಿದ್ಯಾಲಯ ಇವರಿಂದ ಪುಸ್ತಕ ಕೇಳಬಾರದು, ಇವರಿಗೆ ಸ್ಕ್ಯಾನರ್, ಆರ್ದ್ರತೆ ತೆಗೆಯುವ ಯಂತ್ರ, ತರಬೇತಾದ ಇಬ್ಬರು ಹುಡುಗರು ಇಷ್ಟನ್ನು ವರ್ಷಕ್ಕೊಂದು ತಿಂಗಳು ಎರವಲು ಕೊಡಬೇಕು. ಆರ್ದ್ರತೆಯ ಯಂತ್ರ ಯಾಕೆಂದರೆ, ಆಷಾಢದಲ್ಲಿ ಕಪಾಟಿನ ಕೆಳಸಾಲಿನ ಪುಸ್ತಕ ಎಳೆದು ನೋಡಿ: ಗೋಡೆಯ ಕಡೆಗಿರುವ ರಟ್ಟಿನ ಮೇಲೆ ಬೂದಿ ಬಣ್ಣದ ಬೂಷ್ಟು, ಬೆರಳಿಟ್ಟರೆ ಹಸಿ, ಹೊಲಿಗೆಯ ಸಂದಿಯಲ್ಲಿ ಬೆಳ್ಳಿಹುಳ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದಿದ್ದರೆ ಅರ್ಧ ಸಮಸ್ಯೆ ಇರುತ್ತಿರಲಿಲ್ಲ.

ಮೂರು ಗ್ರಂಥಾಲಯಗಳಿಗೆ ಹಿಂತಿರುಗುತ್ತೇನೆ. ಬರುವ ಜೂನ್‌ನಿಂದ ಏನು ಮಾಡಬಹುದು ಎಂದು ಬಿಡಿಸಿ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮ್ಮದು. ಕಾಲೇಜುಗಳಿಗೆ ಸ್ವಾಯತ್ತತೆ ಬಂದು ಪಠ್ಯಕ್ರಮ ಅಲ್ಲಲ್ಲಿ ಕವಲೊಡೆದರೂ ಥರ್ಮೋಡೈನಮಿಕ್ಸ್ ಮಿಜಾರಿಗೊಂದು ತೋಡಾರಿಗೊಂದು ಇರುವುದಿಲ್ಲ. ಪಠ್ಯಪುಸ್ತಕಗಳನ್ನು ಪ್ರತಿ ಕಾಲೇಜೂ ತನಗೆ ಬೇಕಾದಷ್ಟು ಕೊಳ್ಳಲಿ. ದುಬಾರಿ ಪರಾಮರ್ಶನ ಗ್ರಂಥಗಳಲ್ಲಿ ಮಾತ್ರ ಪಾಲು ಮಾಡಿಕೊಳ್ಳಲಿ: ಒಬ್ಬರು ಸಿವಿಲ್ ಮತ್ತು ಮೆಕ್ಯಾನಿಕಲ್, ಒಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬರು ಕಂಪ್ಯೂಟರ್. ಕೊಳ್ಳುವ ಮುನ್ನ ಮೂವರು ಗ್ರಂಥಪಾಲಕರು ಒಂದು ಫೋನು ಮಾಡಿದರೆ ಸಾಕು. ಪಟ್ಟಿಯನ್ನು ಒಟ್ಟುಗೂಡಿಸುವುದು ಇದೇ ಕಾಲೇಜುಗಳ ಕಂಪ್ಯೂಟರ್ ವಿಭಾಗದ ಅಂತಿಮ ವರ್ಷದ ಪ್ರಾಜೆಕ್ಟ್ ಆಗಲಿ. ಪ್ರತಿ ವರ್ಷ ಹಾಜರಾತಿ ಆ್ಯಪ್ ಮಾಡುವುದಕ್ಕಿಂತ ಇದು ಮೇಲು. ಪುಸ್ತಕ ಸಾಗಿಸುವ ಗಾಡಿ ಯಾವುದು ಎಂದು ಕೇಳಬೇಡಿ. ಬೆಳಗಾದರೆ ಈ ರಸ್ತೆಯಲ್ಲಿ ಕಾಲೇಜು ಬಸ್ಸುಗಳದ್ದೇ ಮೆರವಣಿಗೆ. ಚಾಲಕರ ಹಿಂದಿನ ಸೀಟಿನಲ್ಲಿ ಒಂದು ಜಿಪ್ ಚೀಲ ಹಿಡಿಸುತ್ತದೆ.

ಮೊದಲ ಜಗಳ ಎಲ್ಲಿ ಬರುತ್ತದೆ ಎಂಬುದೂ ಗೊತ್ತಿದೆ. ಮಿಜಾರಿನ ಪುಸ್ತಕ ತೋಡಾರಿನ ವಿದ್ಯಾರ್ಥಿಯ ಕೈಯಲ್ಲಿ ಕಳೆದುಹೋಗುತ್ತದೆ. ಕೊಟ್ಟವರು ರಿಜಿಸ್ಟರ್ ತೋರಿಸುತ್ತಾರೆ, ಪಡೆದವರು ಹುಡುಗ ಪಾಸಾಗಿ ಬೆಂಗಳೂರಿಗೆ ಹೋದ ಎನ್ನುತ್ತಾರೆ, ನೋ ಡ್ಯೂ ಸರ್ಟಿಫಿಕೇಟ್ ಕೊಟ್ಟ ಗುಮಾಸ್ತರು ರಜೆಯಲ್ಲಿರುತ್ತಾರೆ, ಅಲ್ಲಿಗೆ ಒಪ್ಪಂದ ಮುರಿಯುತ್ತದೆ. ಅದಕ್ಕೆಂದು ಈ ಉಪನ್ಯಾಸದ ದತ್ತಿ ಇಟ್ಟ ಮನೆಯವರಲ್ಲಿ ನನ್ನದೊಂದು ಕೋರಿಕೆ. ರಂಗನಾಥನ್ ತಮ್ಮ ಸಂಪಾದನೆಯನ್ನು ಹೆಂಡತಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ಶಾಸ್ತ್ರದ ಕುರ್ಚಿಗೆ, ದತ್ತಿಗೆ ಇಟ್ಟವರು. ಆ ದತ್ತಿಯಿಂದ ಉಪನ್ಯಾಸಗಳೂ ನಡೆದವು, ಪುಸ್ತಕಗಳೂ ಬಂದವು. ನಿಮ್ಮ ದತ್ತಿಯ ಬಡ್ಡಿಯಲ್ಲಿ ಮುಂದಿನ ವರ್ಷ ಉಪನ್ಯಾಸ ಬೇಡ, ಶಾಲೂ ಬೇಡ. ಆ ಮೊತ್ತವನ್ನು ಮೂರು ಗ್ರಂಥಾಲಯಗಳ ನಡುವೆ ಕಳೆದುಹೋದ ಪುಸ್ತಕದ ಬೆಲೆ ತುಂಬಲು ತೆಗೆದಿಡಿ. ಸಾವಿರಕ್ಕೆ ಐದರ ಲೆಕ್ಕದಲ್ಲಿ ನೋಡಿದರೆ ಮೊದಲ ವರ್ಷ ದುಡ್ಡು ಮಿಗಬೇಕು. ಮಿಗಲಿಲ್ಲ ಎಂದಾದರೆ ಪುಸ್ತಕಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚು ಓಡಾಡಿವೆ ಎಂದು ಅರ್ಥ, ಆಗ ಇನ್ನಷ್ಟು ಹಣಕ್ಕೆ ನಾನೇ ನಿಮ್ಮ ಮನೆಗೆ ಬರುತ್ತೇನೆ.